ಹಳೆಯ ಅಡುಗೆಮನೆಗೆ ಹೊಸ ಪೈಪು, ಹೊಸ ವೈರು: ಟೈಲ್ಸ್ ಹಾಕಿಸುವ ಮೊದಲು ಮಾಡಿಸಬೇಕಾದ ಕೆಲಸಗಳ ಸಮಗ್ರ ಮಾರ್ಗದರ್ಶಿ

ನಮ್ಮ ಅಡುಗೆಮನೆಯ ಗೋಡೆಯಿಂದ ಕಿತ್ತು ತೆಗೆದ ಅರ್ಧ ಇಂಚಿನ ಜಿಐ (ಸತು ಲೇಪಿತ ಕಬ್ಬಿಣದ) ಪೈಪಿನ ಗೇಣುದ್ದದ ತುಂಡೊಂದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಹೊರಗಿನಿಂದ ನೋಡಿದರೆ ಬಣ್ಣ ಮಾಸಿದೆ, ಅಷ್ಟೇ. ಬೆಳಕಿಗೆ ಹಿಡಿದು ಇಣುಕಿದರೆ ಒಳಗೆ ಕೆಂಪು ತುಕ್ಕು, ಅದರ ಮೇಲೆ ಬೋರ್‌ವೆಲ್ ನೀರಿನ ಬಿಳಿಯ ಸುಣ್ಣ, ಪದರದ ಮೇಲೆ ಪದರ. ನಡುವೆ ಪೆನ್ಸಿಲ್ ತೂರುವಷ್ಟು ದಾರಿ ಮಾತ್ರ ಉಳಿದಿದೆ. ಸಿಂಕಿನಲ್ಲಿ ನೀರು ಸಣ್ಣಗೆ ಬರುತ್ತದೆ ಎಂದು ನಾವು ಅದಕ್ಕೂ ಮೊದಲು ಎರಡು ಬಾರಿ ನಲ್ಲಿ ಬದಲಿಸಿದ್ದೆವು! ಅದೇ ಗೋಡೆಯಲ್ಲಿ, ಮಿಕ್ಸಿಯ ಸ್ವಿಚ್ ಬೋರ್ಡಿನ ಹಿಂದೆ, ಅಲ್ಯೂಮಿನಿಯಂ ವೈರಿನ ಮೇಲಿನ ಹೊದಿಕೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು.

ಮೈಸೂರಿನ ನಮ್ಮ ಮನೆ 1984ರಲ್ಲಿ ಕಟ್ಟಿದ್ದು. ಆ ಕಾಲದ ಮನೆಗಳಲ್ಲಿ ಹೆಚ್ಚಿನವುಗಳ ಒಳಗುಟ್ಟು ಹೀಗೆಯೇ ಇರುತ್ತದೆ. ಅಡುಗೆಮನೆ ಹೊಸದು ಮಾಡಿಸುತ್ತೇವೆ ಎಂದ ಕೂಡಲೇ ಮಾತು ಶಟರಿನ ಬಣ್ಣ, ಗ್ರಾನೈಟ್, ಚಿಮಣಿಯ ಕಡೆಗೆ ಹರಿಯುತ್ತದೆ. ಶಟರ್ ಬೇಸರವಾದರೆ ಹತ್ತು ವರ್ಷಕ್ಕೆ ಬದಲಿಸಬಹುದು. ಗೋಡೆಯೊಳಗೆ ಹೋದದ್ದನ್ನು ಮುಟ್ಟಬೇಕಾದರೆ ಟೈಲ್ಸ್ ಒಡೆಯಬೇಕು. ಆದ್ದರಿಂದ ಹಣವನ್ನು ಮೊದಲು ಗೋಡೆಯೊಳಗಿನ ಕೆಲಸಕ್ಕೆ ತೆಗೆದಿಡಿ, ಉಳಿದದ್ದರಲ್ಲಿ ಮರಗೆಲಸ ಮಾಡಿಸಿ. ಈ ಒಂದು ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಗೆ ಸಿದ್ಧನಿಲ್ಲ.

ಹಂತ 1: ಒಡೆಯುವ ಮೊದಲು ಕಾಗದದ ಮೇಲೆ

ಒಂದು ವಾರ ಅಡುಗೆಮನೆಯಲ್ಲಿ ಯಾವ ಉಪಕರಣ ಎಲ್ಲಿ, ಯಾವ ಹೊತ್ತಿನಲ್ಲಿ ಓಡುತ್ತದೆ ಎಂದು ಬರೆದುಕೊಳ್ಳಿ. ಅಡುಗೆ ಮಾಡುವವರೇ ಬರೆದರೆ ಇನ್ನೂ ಒಳ್ಳೆಯದು. ಅಮ್ಮ ಬರೆದ ಪಟ್ಟಿ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು, ಗ್ರೈಂಡರ್ ಓಡಿಸುವಾಗ ಅವರು ಪ್ರತಿ ಬಾರಿಯೂ ಫ್ರಿಜ್ಜಿನ ಪ್ಲಗ್ ಕಿತ್ತು ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕಿಸುತ್ತಿದ್ದರು ಎಂದು.

ಪ್ರತಿ ಉಪಕರಣದ ಹಿಂದೆ ಅಥವಾ ತಳದಲ್ಲಿರುವ ಚೀಟಿಯಲ್ಲಿ ಅದರ ವ್ಯಾಟ್ ಇರುತ್ತದೆ. ನಮ್ಮ ಲೆಕ್ಕ ಹೀಗಿತ್ತು: ಇಂಡಕ್ಷನ್ ಒಲೆ 2000, ಇನ್‌ಸ್ಟಂಟ್ ಗೀಸರ್ 3000, ಕೆಟಲ್ 1500, ಮಿಕ್ಸಿ 750, ಫ್ರಿಜ್ 200, ಚಿಮಣಿ 200. ಬೆಳಗ್ಗೆ ಏಳರ ಹೊತ್ತಿಗೆ ಇವೆಲ್ಲ ಒಟ್ಟಿಗೆ ಓಡಿದರೆ 7650 ವ್ಯಾಟ್. ನಮ್ಮ ಮನೆಗೆ ಬರುವ ವಿದ್ಯುತ್ 230 ವೋಲ್ಟ್. ಭಾಗಿಸಿದರೆ 33 ಆಂಪಿಯರ್ ದಾಟುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನಮೂದಾಗಿರುತ್ತದೆ. ನಮ್ಮದರಲ್ಲಿ 2 ಎಂದಿತ್ತು. ಅಂತರ ಇಷ್ಟು ದೊಡ್ಡದಿದ್ದರೆ ಬೆಸ್ಕಾಂ, ಚೆಸ್ಕಾಂ, ಹೆಸ್ಕಾಂ ಹೀಗೆ ನಿಮ್ಮ ಭಾಗದ ವಿದ್ಯುತ್ ಕಂಪನಿಯಲ್ಲಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಬೇಕು. ಲೋಡ್ ಹೆಚ್ಚಿದರೆ ತಿಂಗಳ ನಿಗದಿತ ಶುಲ್ಕವೂ ಹೆಚ್ಚುತ್ತದೆ, ಅದನ್ನು ಒಪ್ಪಿಕೊಳ್ಳಿ. ಒಡೆಯುವ ಕೆಲಸಕ್ಕೆ ಮೊದಲೇ ಅರ್ಜಿ ಕೊಟ್ಟರೆ ಕೊನೆಯಲ್ಲಿ ಕಾಯಬೇಕಾಗುವುದಿಲ್ಲ. ಮೀಟರಿನ ಸೀಲು ಮುಟ್ಟುವ ಅಧಿಕಾರ ಆ ಕಂಪನಿಯ ಸಿಬ್ಬಂದಿಗೆ ಮಾತ್ರ ಇದೆ.

ನೀರಿಗೂ ಇಂಥದೇ ಪಟ್ಟಿ ಮಾಡಿ: ಸಿಂಕಿನ ತಣ್ಣೀರು, ಬಿಸಿನೀರು, ಕುಡಿಯುವ ನೀರಿನ ಫಿಲ್ಟರ್, ಪಾತ್ರೆ ತೊಳೆಯುವ ಯಂತ್ರ, ಯುಟಿಲಿಟಿಯ ನಲ್ಲಿ. ಪಾತ್ರೆ ತೊಳೆಯುವ ಯಂತ್ರ ಈಗ ಬೇಡ ಎನಿಸಿದರೂ ಅದಕ್ಕೊಂದು ನೀರಿನ ಕೊಂಡಿ, ಒಂದು ಹೊರಹರಿವು, ಒಂದು 16 ಆಂಪಿಯರ್ ಸಾಕೆಟ್ ಬಿಟ್ಟಿರಿ. ಇಂದು ಅದಕ್ಕೆ ತಗಲುವುದು ಸ್ವಲ್ಪ ಪೈಪು ಮತ್ತು ವೈರು.

ಹಂತ 2: ಕೆಲಸದವರು ಮತ್ತು ಕೆಲಸದ ಸರದಿ

ವಿದ್ಯುತ್ ಕೆಲಸಕ್ಕೆ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರನ್ನೇ ಹಿಡಿಯಿರಿ. ಲೋಡ್ ಹೆಚ್ಚಿಸುವ ಅರ್ಜಿಯ ಕೆಲಸವೂ ಅವರಿಂದ ಸುಲಭವಾಗುತ್ತದೆ. ಎಲೆಕ್ಟ್ರಿಷಿಯನ್ನರು ಸಾಮಾನ್ಯವಾಗಿ ಪಾಯಿಂಟ್ ಲೆಕ್ಕದಲ್ಲಿ ಕೂಲಿ ಹೇಳುತ್ತಾರೆ. ಗೋಡೆ ಕೊರೆಯುವುದು, ಹಳೆಯ ವೈರ್ ತೆಗೆಯುವುದು, ಗಾರೆ ಮುಚ್ಚುವುದು ಅದರೊಳಗೆ ಸೇರಿದೆಯೇ ಎಂದು ಮೊದಲೇ ಬರೆಸಿಕೊಳ್ಳಿ. ಜಗಳವಾಗುವುದು ಹೆಚ್ಚಾಗಿ ಆ ಗಾರೆಯ ವಿಷಯಕ್ಕೇ.

ಸರದಿ ಹೀಗಿರಲಿ: ಒಡೆಯುವುದು, ಕೊಳಚೆ ನೀರಿನ ಪೈಪು, ಶುದ್ಧ ನೀರಿನ ಪೈಪು, ಒತ್ತಡ ಪರೀಕ್ಷೆ, ವೈರ್ ಹಾಯಿಸುವ ಕಾಂಡ್ಯೂಟ್ ಪೈಪು, ಫೋಟೊ, ಗಾರೆ, ನೆಲದ ವಾಟರ್‌ಪ್ರೂಫಿಂಗ್, ವೈರ್ ಎಳೆಯುವುದು, ಟೈಲ್ಸ್, ಕಟ್ಟೆಯ ಕಲ್ಲು, ಕೊನೆಗೆ ನಲ್ಲಿ ಮತ್ತು ಸ್ವಿಚ್ಚು. ಕೊಳಚೆ ಪೈಪು ಏಕೆ ಮೊದಲು ಎಂದರೆ, ಅದಕ್ಕೆ ಇಳಿಜಾರು ಬೇಕು, ಬೇಕಾದ ಕಡೆ ತಿರುಗಿಸಲು ಬರುವುದಿಲ್ಲ. ನೀರಿನ ಪೈಪು, ವೈರು ಎರಡೂ ಅದಕ್ಕೆ ದಾರಿ ಬಿಟ್ಟು ಸುತ್ತಿ ಹೋಗಬಲ್ಲವು.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಸಂಘದ ಅನುಮತಿ ಪಡೆಯಿರಿ. ಸಿಂಕನ್ನು ಕೆಳಗಿನ ಮನೆಯವರ ಮಲಗುವ ಕೋಣೆಯ ಮೇಲಕ್ಕೆ ಸರಿಸುವ ಯೋಚನೆಯನ್ನು ಬಿಟ್ಟುಬಿಡಿ.

ಹಂತ 3: ಒಡೆಯುವ ದಿನ

ಗ್ಯಾಸ್ ಸಿಲಿಂಡರನ್ನು ರೆಗ್ಯುಲೇಟರ್ ತೆಗೆದು ಹೊರಗಿಡಿ. ಪೈಪಿನ ಗ್ಯಾಸ್ ಸಂಪರ್ಕವಿದ್ದರೆ ಅದನ್ನು ಕಂಪನಿಯ ಅಧಿಕೃತ ಸಿಬ್ಬಂದಿಯೇ ಬಂದು ಬಿಚ್ಚಬೇಕು, ಪ್ಲಂಬರ್ ಕೈ ಹಾಕುವಂತಿಲ್ಲ. ಮೇನ್ ಸ್ವಿಚ್ ಆರಿಸಿ, ಅಡುಗೆಮನೆಯ ವೈರುಗಳನ್ನು ಮೂಲದಲ್ಲಿಯೇ ಬಿಚ್ಚಿಸಿ, ಟೆಸ್ಟರ್ ಹಿಡಿದು ಪ್ರತಿ ಪಾಯಿಂಟನ್ನೂ ನೋಡಿ. ಯುಪಿಎಸ್ ಇರುವ ಮನೆಯಲ್ಲಿ ಮೇನ್ ಆರಿಸಿದರೂ ಯುಪಿಎಸ್ ಲೈನಿನಲ್ಲಿ ಕರೆಂಟ್ ಜೀವಂತವಾಗಿರುತ್ತದೆ. ಅದನ್ನೂ ಆರಿಸಿ.

ಛಾವಣಿಯ ಟ್ಯಾಂಕಿನಿಂದ ಅಡುಗೆಮನೆಗೆ ಬರುವ ವಾಲ್ವ್ ಹಳೆಯ ಗೇಟ್ ವಾಲ್ವ್ ಆಗಿದ್ದರೆ ಅದು ಪೂರ್ತಿ ಮುಚ್ಚುವುದು ಅಪರೂಪ. ಈ ನೆಪದಲ್ಲಿ ಒಂದು ಬಾಲ್ ವಾಲ್ವ್ ಹಾಕಿಸಿ.

ಗೋಡೆಗೆ ಸುತ್ತಿಗೆ, ಚಾಣ ಹಿಡಿಯುವ ಬದಲು ಕಟರ್ ಯಂತ್ರದಿಂದ ಎರಡು ಸಮಾನಾಂತರ ಗೆರೆ ಹಾಕಿಸಿ, ನಡುವಿನದನ್ನು ಮಾತ್ರ ಕೆತ್ತಿಸಿ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಅಡ್ಡಡ್ಡ ಉದ್ದಕ್ಕೆ ಕೊರೆದರೆ ಗೋಡೆಯೇ ಬಲ ಕಳೆದುಕೊಳ್ಳುತ್ತದೆ, ಆದಷ್ಟೂ ನೇರ ಮೇಲಿನಿಂದ ಕೆಳಕ್ಕೆ ಇಳಿಸಿ. ಕಂಬ, ತೊಲೆ, ಲಿಂಟೆಲ್ ಮುಟ್ಟಲೇಬಾರದು. ಕಬ್ಬಿಣದ ಸರಳು ಕಂಡಿತೆಂದರೆ ಅಲ್ಲಿಗೇ ಕೆಲಸ ನಿಲ್ಲಿಸಿ.

ಎತ್ತರದ ಅಳತೆಯನ್ನು ಹಳೆಯ ನೆಲದಿಂದ ತೆಗೆಯಬೇಡಿ. ನಮ್ಮ ಕೆಂಪು ಗಾರೆ ನೆಲದ ಮೇಲೆ ಗಾರೆ, ಟೈಲ್ಸ್ ಸೇರಿ ಎರಡು ಇಂಚು ಏರಿತು. ನೀರು ತುಂಬಿದ ಲೆವೆಲ್ ಪೈಪಿನಿಂದ ನಾಲ್ಕೂ ಗೋಡೆಗೆ ಒಂದು ಗೆರೆ ಎಳೆಸಿ, ಎಲ್ಲ ಅಳತೆಯೂ ಆ ಗೆರೆಯಿಂದಲೇ ಎಂದು ಎಲ್ಲರಿಗೂ ಹೇಳಿ.

ಹಂತ 4: ಕೊಳಚೆ ನೀರಿನ ದಾರಿ

ಅಡುಗೆಮನೆಯ ನೀರು ಬಚ್ಚಲಿನ ನೀರಿನಂತಲ್ಲ. ತುಪ್ಪ, ಎಣ್ಣೆ, ಅಕ್ಕಿ ತೊಳೆದ ಗಂಜಿ, ಕಾಫಿ ಚರಟ ಎಲ್ಲವೂ ಅದರಲ್ಲಿ ಇರುತ್ತದೆ. ಜಿಡ್ಡು ಪೈಪಿನೊಳಗೆ ತಣ್ಣಗಾಗಿ ಗಟ್ಟಿಯಾಗುತ್ತದೆ, ಚರಟ ಅದಕ್ಕೆ ಅಂಟುತ್ತದೆ. ಆದ್ದರಿಂದ ಗೋಡೆ ಅಥವಾ ನೆಲದೊಳಗಿನ ಪೈಪು ಕನಿಷ್ಠ ಎರಡು ಇಂಚು, ಜಾಗವಿದ್ದರೆ ಎರಡೂವರೆ ಅಥವಾ ಮೂರು ಇಂಚು ಇರಲಿ. ಇಳಿಜಾರು ಅಡಿಗೆ ಕಾಲು ಇಂಚು. ಎಂಟು ಅಡಿ ದೂರಕ್ಕೆ ಎರಡು ಇಂಚು ಇಳಿಯಬೇಕು. ಸ್ಪಿರಿಟ್ ಲೆವೆಲ್ ಇಟ್ಟು ನೀವೇ ನೋಡಿ.

ಒಂದು 90 ಡಿಗ್ರಿ ಬೆಂಡಿನ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿಸಿ. ತಿರುವು ಇರುವ ಕಡೆ, ಕೈಗೆ ಎಟುಕುವ ಜಾಗದಲ್ಲಿ, ಬಾಗಿಲಿರುವ ಡೋರ್ ಬೆಂಡ್ ಇರಲಿ. ಕಟ್ಟಿಕೊಂಡಾಗ ತಿರುಪು ಬಿಚ್ಚಿ ಕಡ್ಡಿ ಹಾಕಬಹುದು. ಸಿಂಕಿನ ಕೆಳಗಿನ ಟ್ರ್ಯಾಪ್ ಎಂಬ ಬಾಗಿದ ಪೈಪಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಹೊರಗಿನ ಚೇಂಬರಿನ (ಕೊಳಚೆ ಗುಂಡಿಯ) ವಾಸನೆ, ಜಿರಲೆ ಮೇಲೆ ಬರದಂತೆ ತಡೆಯುವುದು ಆ ನೀರೇ. ನೆಲದಲ್ಲಿ ನೀರು ಹೋಗುವ ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪ್ ಇದ್ದು ಅದಕ್ಕೆ ನೀರು ಬೀಳದಿದ್ದರೆ ಅದು ಒಣಗಿ ವಾಸನೆ ಶುರುವಾಗುತ್ತದೆ, ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿದರೆ ಸಾಕು. ಗೋಡೆಯ ಹೊರಹರಿವಿನ ಬಾಯಿ ಹೊಸ ನೆಲದಿಂದ ಸುಮಾರು 18 ಇಂಚು ಎತ್ತರದಲ್ಲಿದ್ದರೆ ಸಾಮಾನ್ಯ ಸಿಂಕಿಗೆ ಹೊಂದುತ್ತದೆ. ಆಳದ ಸಿಂಕ್ ಕೊಳ್ಳುವವರು ಇನ್ನೂ ಕೆಳಗಿಳಿಸಿ. ಸಿಂಕನ್ನು ಮೊದಲೇ ಕೊಂಡು ತಂದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ.

ಮನೆಯ ಹೊರಗಿನ ಚೇಂಬರ್‌ವರೆಗೂ ನೋಡಿ. ಒಳಗೆ ಹೊಸ ಪೈಪು ಹಾಕಿ ಹೊರಗೆ ಬೇರು ನುಗ್ಗಿದ ಹಳೆಯ ಸ್ಟೋನ್‌ವೇರ್ ಪೈಪನ್ನು ಹಾಗೇ ಬಿಟ್ಟರೆ ನೀರು ಮತ್ತೆ ಸಿಂಕಿಗೇ ಏರುತ್ತದೆ.

ಹಂತ 5: ನೀರಿನ ಪೈಪು

ಜಿಐ ಪೈಪಿನ ಅರ್ಧ ಬದಲಿಸಿ ಅರ್ಧ ಉಳಿಸುವ ಆಸೆ ಬೇಡ. ಹಳೆಯ ಭಾಗದಿಂದ ಕಿತ್ತ ತುಕ್ಕು ಹೊಸ ನಲ್ಲಿಯ ಜಾಲರಿಗೆ ಬಂದು ಕೂರುತ್ತದೆ. ಸಾಧ್ಯವಿದ್ದರೆ ಟ್ಯಾಂಕಿನಿಂದಲೇ ಹೊಸದಾಗಿ ಎಳೆಸಿ.

ಬಿಸಿನೀರು, ತಣ್ಣೀರು ಎರಡಕ್ಕೂ ಬಿಸಿ ತಾಳುವ ಕೆನೆ ಬಣ್ಣದ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ಬಿಳಿಯ ಯುಪಿವಿಸಿ ತಣ್ಣೀರಿಗೆ ಮಾತ್ರ, ಬಿಸಿನೀರಿಗೆ ಅದು ಮೆತ್ತಗಾಗುತ್ತದೆ. ಛಾವಣಿಯ ಮೇಲೆ ಬಿಸಿಲಿಗೆ ಬಿದ್ದ ಸಿಪಿವಿಸಿಗೆ ಬಣ್ಣ ಬಳಿಸಬೇಕು.

ಅಳತೆಯ ವಿಷಯಕ್ಕೆ ಬರೋಣ. ನೀರಿನ ಒತ್ತಡ ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆಜಿ (ಚದರ ಸೆಂಟಿಮೀಟರಿಗೆ). ಒಂದೇ ಮಹಡಿಯ ಮನೆಯಲ್ಲಿ ಟ್ಯಾಂಕಿನ ತಳ ನಲ್ಲಿಗಿಂತ ಎಂಟು, ಹತ್ತು ಅಡಿ ಮೇಲಿದ್ದರೆ ಸಿಗುವುದು ಕಾಲು ಕೆಜಿ ಚಿಲ್ಲರೆ ಮಾತ್ರ. ಅಷ್ಟು ಸಣ್ಣ ಒತ್ತಡವನ್ನು ಸಣ್ಣ ಪೈಪಿನಲ್ಲಿ ಕಳೆಯಬಾರದು. ಅಡುಗೆಮನೆಯವರೆಗೂ ಮುಕ್ಕಾಲು ಇಂಚು ತಂದು, ಪಾಯಿಂಟಿಗೆ ಇಳಿಯುವ ಕಡೆ ಮಾತ್ರ ಅರ್ಧ ಇಂಚು ಮಾಡಿಸಿ. ಬಿಸಿನೀರಿಗೆ ಈ ಲೆಕ್ಕ ಬೇರೆ. ಸೋಲಾರ್‌ನಿಂದ ಅಡುಗೆಮನೆಗೆ 20 ಮೀಟರ್ ಮುಕ್ಕಾಲು ಇಂಚಿನ ಪೈಪು ಎಳೆದರೆ ಅದರೊಳಗೇ ಸುಮಾರು ಐದು ಲೀಟರ್ ನೀರು ನಿಂತಿರುತ್ತದೆ. ಬೆಳಗ್ಗೆ ಅಷ್ಟೂ ತಣ್ಣೀರು ಹೋದ ಮೇಲೆಯೇ ಬಿಸಿನೀರು ಬರುವುದು. ಸೋಲಾರ್ ದೂರದಲ್ಲಿದ್ದರೆ ಸಿಂಕಿನ ಹತ್ತಿರ ಚಿಕ್ಕ ಗೀಸರ್ ಇಡುವುದು ಲೇಸು.

ಕಾವೇರಿ ಅಥವಾ ನಗರಪಾಲಿಕೆಯ ನೀರಿನ ನೇರ ಲೈನು ಮತ್ತು ಬೋರ್‌ವೆಲ್ ಟ್ಯಾಂಕಿನ ಲೈನು ಎರಡೂ ಅಡುಗೆಮನೆಗೆ ಬರುವ ಮನೆಗಳು ಬಹಳ. ನಡುವೆ ಒಂದು ವಾಲ್ವ್ ಹಾಕಿ ಎರಡನ್ನೂ ಜೋಡಿಸಿಬಿಡುವ ಸುಲಭದ ದಾರಿಯನ್ನು ಒಪ್ಪಬೇಡಿ. ಬೀದಿಯ ಕೊಳವೆಯಲ್ಲಿ ನೀರು ನಿಂತಾಗ ನಿಮ್ಮ ಟ್ಯಾಂಕಿನ ನೀರು ಅದರೊಳಗೆ ಹಿಂದಕ್ಕೆ ಹರಿಯಬಹುದು. ಅದು ಬೀದಿಯವರೆಲ್ಲ ಕುಡಿಯುವ ನೀರು.

ಪ್ಲಂಬರ್ ಜೋಡಣೆ ಮಾಡುವಾಗ ಹತ್ತಿರ ನಿಂತು ನೋಡಿ. ಪೈಪು ನೇರವಾಗಿ ಕತ್ತರಿಸಬೇಕು, ಅಂಚಿನ ಸಿಬಿರು ತೆಗೆದು ಬಟ್ಟೆಯಿಂದ ಒರೆಸಬೇಕು. ಸಿಪಿವಿಸಿಯದೇ ಅಂಟನ್ನು ಪೈಪಿಗೂ ಫಿಟ್ಟಿಂಗಿನ ಒಳಗೂ ತೆಳುವಾಗಿ ಸವರಿ, ಒತ್ತುತ್ತಾ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಬಿಗಿಯಾಗಿ ಹಿಡಿದಿರಬೇಕು. ಕೈ ಬೇಗ ಬಿಟ್ಟರೆ ಪೈಪು ಕೂದಲೆಳೆಯಷ್ಟು ಹಿಂದಕ್ಕೆ ಜಾರುತ್ತದೆ. ನಲ್ಲಿ ಕೂರುವ ಕಡೆಗಳಲ್ಲಿ ಹಿತ್ತಾಳೆಯ ಮರೆ (ಥ್ರೆಡ್) ಇರುವ ಫಿಟ್ಟಿಂಗ್‌ಗಳನ್ನೇ ಕೊಳ್ಳಿ, ಪ್ಲಾಸ್ಟಿಕ್ ಮರೆ ಬಿಗಿಸುವಾಗ ಬಿರುಕು ಬಿಡುತ್ತದೆ. ಸಿಂಕಿನ ಕೆಳಗೆ ಪ್ರತಿ ಕೊಂಡಿಗೂ ನೀರು ಮುಚ್ಚಲು ಒಂದು ಆ್ಯಂಗಲ್ ಕಾಕ್ (ಚಿಕ್ಕ ವಾಲ್ವ್) ಇರಲಿ.

ಹಂತ 6: ಒತ್ತಡ ಪರೀಕ್ಷೆ

ಇದನ್ನು ಬಿಡಲು ಎಲ್ಲರೂ ಒತ್ತಾಯಿಸುತ್ತಾರೆ. ಬಿಡಬೇಡಿ. ನಲ್ಲಿ ಬರುವ ಎಲ್ಲ ಪಾಯಿಂಟಿಗೂ ಡಮ್ಮಿ (ಮುಚ್ಚಳ) ಹಾಕಿ, ಟ್ಯಾಂಕಿನ ಕಡೆಯ ವಾಲ್ವ್ ಮುಚ್ಚಿ, ಅಂಟು ಒಣಗಲು ಒಂದು ದಿನ ಬಿಟ್ಟು, ಕೈಪಂಪಿನಿಂದ ನೀರಿನ ಒತ್ತಡವನ್ನು ಹತ್ತು ಕೆಜಿಯವರೆಗೆ ಏರಿಸಿ ಕನಿಷ್ಠ ಒಂದು ಗಂಟೆ ಒತ್ತಡ ಮಾಪಕದ ಮುಳ್ಳನ್ನು ನೋಡಬೇಕು. ಹಳೆಯ ಗೀಸರ್ ಅಥವಾ ಹಳೆಯ ಪೈಪು ಸೇರಿಕೊಂಡಿರಬಾರದು.

ನಮ್ಮಲ್ಲಿ ಮುಳ್ಳು ಇಪ್ಪತ್ತು ನಿಮಿಷದಲ್ಲಿ ಹತ್ತರಿಂದ ಎಂಟಕ್ಕೆ ಇಳಿಯಿತು. ಎಲ್ಲಿಯೂ ಹನಿ ಕಾಣಿಸಲಿಲ್ಲ. ಪ್ಲಂಬರ್ ಪಂಪಿನದೇ ದೋಷ ಎಂದರು. ಟಾರ್ಚ್ ಹಿಡಿದು ಪ್ರತಿ ಜೋಡಣೆಯ ಅಡಿಗೂ ಒಣ ನ್ಯೂಸ್‌ಪ್ರಿಂಟ್ ಚೂರು ಒತ್ತುತ್ತಾ ಹೋದೆ. ಬಿಸಿನೀರಿನ ಲೈನಿನ ಮೂರನೆಯ ಎಲ್ಬೋ (ಮೂಲೆ ತಿರುಗಿಸುವ ಫಿಟ್ಟಿಂಗ್) ಹತ್ತಿರ ಕಾಗದದ ಮೇಲೆ ಹುಣಸೆಬೀಜದಷ್ಟು ಒದ್ದೆ ಗುರುತು ಬಿತ್ತು. ಅದನ್ನು ಕತ್ತರಿಸಿ ಹೊಸ ಎಲ್ಬೋ ಹಾಕಲು ಕಾಲು ಗಂಟೆ ಹಿಡಿಯಿತು. ಟೈಲ್ಸ್ ಹಾಕಿದ ಮೇಲಾಗಿದ್ದರೆ ಪಕ್ಕದ ಹಾಲ್‌ನ ಗೋಡೆಯ ಬಣ್ಣ ಉಬ್ಬುವವರೆಗೂ ಅದು ಯಾರಿಗೂ ತಿಳಿಯುತ್ತಿರಲಿಲ್ಲ.

ಹಂತ 7: ವೈರಿಂಗ್

ಹಳೆಯ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರನ್ನು ತಿರುಚಿ ಟೇಪ್ ಸುತ್ತುವುದನ್ನು ಖಂಡಿತ ಬೇಡ ಎನ್ನಿ. ಎರಡು ಲೋಹಗಳೂ ಬಿಸಿಗೆ ಹಿಗ್ಗುವ ಪ್ರಮಾಣ ಬೇರೆ, ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಜೋಡಣೆ ಸಡಿಲವಾಗಿ ಒಳಗೊಳಗೇ ಕಾಯುತ್ತದೆ. ಮೇನ್ ಬೋರ್ಡಿನಿಂದ ಅಡುಗೆಮನೆಗೆ ಹೊಸ ತಾಮ್ರದ ವೈರನ್ನು ನಡುವೆ ಜೋಡಣೆಯಿಲ್ಲದೆ ಎಳೆಸಿ, ಅಡುಗೆಮನೆಗೇ ಒಂದು ಪ್ರತ್ಯೇಕ ಡಿಬಿ (ಲೈನುಗಳನ್ನು ಹಂಚುವ ಪೆಟ್ಟಿಗೆ) ಇಡಿಸಿ.

ದೀಪ, ಎಕ್ಸಾಸ್ಟ್ ಫ್ಯಾನಿಗೆ 1.5 ಚದರ ಮಿಲಿಮೀಟರ್ ವೈರು, 10 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು). ಮಿಕ್ಸಿ, ಗ್ರೈಂಡರ್, ಫ್ರಿಜ್ ಸಾಕೆಟ್‌ಗಳಿಗೆ 2.5 ವೈರು, 16ರ ಎಂಸಿಬಿ. ಗೀಸರ್, ಓವನ್, ಇಂಡಕ್ಷನ್ ಒಲೆಗೆ ತಲಾ ಒಂದು ಪ್ರತ್ಯೇಕ ಲೈನು, 4 ವೈರು, 20ರ ಎಂಸಿಬಿ. ಅಂಗಡಿಯಲ್ಲಿ ‘ಎರಡೂವರೆ ಎಂಎಂ’, ‘ನಾಲ್ಕು ಎಂಎಂ’ ಎಂದರೆ ಸಾಕು, ಐಎಸ್‌ಐ ಗುರುತು ನೋಡಿ ಕೊಳ್ಳಿ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ಪದೇ ಪದೇ ಬೀಳುತ್ತದೆ ಎಂದು 16ರ ಜಾಗಕ್ಕೆ 32 ಹಾಕಿದರೆ, ಎಂಸಿಬಿ ಬೀಳುವ ಮೊದಲು ವೈರು ಸುಡುತ್ತದೆ.

ಫ್ರಿಜ್ಜಿಗೆ ಬೇರೆಯೇ ಎಂಸಿಬಿ ಇರಲಿ. ಊರಿಗೆ ಹೋಗುವಾಗ ಅದೊಂದನ್ನು ಬಿಟ್ಟು ಅಡುಗೆಮನೆಯ ಉಳಿದೆಲ್ಲವನ್ನೂ ಆರಿಸಬಹುದು.

ಕಟ್ಟೆಯ ಮೇಲಿನ ಸಾಕೆಟ್‌ಗಳು ಕಲ್ಲಿನಿಂದ ಎಂಟು, ಒಂಬತ್ತು ಇಂಚು ಮೇಲಿರಲಿ. ಸಿಂಕಿನ ನಲ್ಲಿಯಿಂದ ಎರಡಡಿಯಾದರೂ ದೂರ, ಒಲೆಯ ಹಿಂಭಾಗದಲ್ಲಿ ಒಂದೂ ಬೇಡ. ಕಟ್ಟೆಯ ಕೆಳಗಿನ ಯಂತ್ರಗಳಿಗೆ ಸಾಕೆಟ್ ಕೆಳಗೆ, ಅದರ ಸ್ವಿಚ್ ಮೇಲೆ ಕಣ್ಣಿಗೆ ಕಾಣುವಂತೆ ಇರಬೇಕು. ಸಾಕೆಟನ್ನು ಸಿಂಕಿನ ಕೆಳಗಿನ ಕಪಾಟಿನಲ್ಲಿ ಇಡದೆ ಪಕ್ಕದ ಕಪಾಟಿನಲ್ಲಿಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಕೂಡುತ್ತದೆ. ಸಿಲಿಂಡರ್ ಇರುವ ಕಪಾಟಿನಲ್ಲಿ ಸಾಕೆಟ್, ಸ್ವಿಚ್ ಏನೂ ಇರಬಾರದು, ಕೆಳಗಡೆ ಗಾಳಿ ಆಡಲು ಕಿಂಡಿ ಇರಬೇಕು. ಗ್ಯಾಸ್ ಸೋರಿದರೆ ಕರೆ ಮಾಡಬೇಕಾದ ಸಂಖ್ಯೆ 1906, ಅದನ್ನು ಕಪಾಟಿನ ಬಾಗಿಲಿಗೇ ಅಂಟಿಸಿಬಿಡಿ.

ಹಂತ 8: ಆರ್‌ಸಿಸಿಬಿ, ಹಳೆಯ ನ್ಯೂಟ್ರಲ್ ಮತ್ತು ಅರ್ಥಿಂಗ್

ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯರನ್ನು ಕಾಯುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲಿನಲ್ಲಿ ಹಿಂದಿರುಗಿದೆಯೇ ಎಂದು ಅದು ಸದಾ ಹೋಲಿಸುತ್ತಿರುತ್ತದೆ. ಒದ್ದೆ ಕೈಯ ಮೂಲಕ ಸ್ವಲ್ಪ ನೆಲಕ್ಕೆ ಇಳಿದರೂ ಕ್ಷಣಾರ್ಧದಲ್ಲಿ ಬೀಳುತ್ತದೆ. ಒದ್ದೆ ಕೈಯಲ್ಲಿ ದಿನವಿಡೀ ಸ್ವಿಚ್ ಮುಟ್ಟುವ ಕೋಣೆಗೆ ಇದಿಲ್ಲದೆ ಆಗದು.

ಇದನ್ನು ಹಾಕಿಸಿದ ಸಂಜೆ ನಮ್ಮಲ್ಲಿ ಒಂದು ವಿಚಿತ್ರ ನಡೆಯಿತು. ಹಾಲ್‌ನ ಫ್ಯಾನ್ ಹಾಕಿದರೆ ಅಡುಗೆಮನೆಯ ಆರ್‌ಸಿಸಿಬಿ ಬೀಳುತ್ತಿತ್ತು. ಕೆಲಸದವರಲ್ಲಿ ಒಬ್ಬರು ‘ಹಳೆಯ ಮನೆಗಳಿಗೆ ಇದು ಹೊಂದುವುದಿಲ್ಲ, ತೆಗೆದುಬಿಡೋಣ’ ಎಂದರು. ನಾನು ಒಪ್ಪಲಿಲ್ಲ. ಮರುದಿನ ಜಂಕ್ಷನ್ ಬಾಕ್ಸ್‌ಗಳನ್ನು ಒಂದೊಂದಾಗಿ ತೆರೆದಾಗ ಕಾರಣ ಸಿಕ್ಕಿತು. 1984ರಲ್ಲಿ ಹಾಲಿನ ಫ್ಯಾನಿನ ನ್ಯೂಟ್ರಲನ್ನು ಹತ್ತಿರವಾಯಿತೆಂದು ಅಡುಗೆಮನೆಯ ನ್ಯೂಟ್ರಲಿಗೆ ಸೇರಿಸಿದ್ದರು. ಫ್ಯಾನಿನ ಕರೆಂಟ್ ಹೋಗುವುದು ಒಂದು ದಾರಿ, ಬರುವುದು ಇನ್ನೊಂದು ದಾರಿ. ಆರ್‌ಸಿಸಿಬಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ನ್ಯೂಟ್ರಲ್ ಬೇರ್ಪಡಿಸಲು ಅರ್ಧ ದಿನ ಹಿಡಿಯಿತು. ನಿಮ್ಮಲ್ಲೂ ಹೀಗಾದರೆ, ಯುಪಿಎಸ್ ಲೈನಿನ ನ್ಯೂಟ್ರಲ್ ಮೇನ್ ನ್ಯೂಟ್ರಲಿಗೆ ಸೇರಿದೆಯೇ ಎಂಬುದನ್ನೂ ನೋಡಿಸಿ.

ಮೂರನೆಯ ಪಿನ್ನಿಗೆ ಹಸಿರು ವೈರು ಬಂದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿ ಮಲ್ಟಿಮೀಟರಿನಲ್ಲಿ ಅಳೆಸಿ: ಫೇಸಿಗೂ ಅರ್ಥಿಗೂ ನಡುವೆ 230ರ ಆಸುಪಾಸು ಇರಬೇಕು, ನ್ಯೂಟ್ರಲಿಗೂ ಅರ್ಥಿಗೂ ನಡುವೆ ಬೆರಳೆಣಿಕೆಯ ವೋಲ್ಟ್ ಮಾತ್ರ. ಅಂಗಳದ ಅರ್ಥಿಂಗ್ ಗುಂಡಿ ಒಣಗಿ, ತಂತಿ ತುಕ್ಕು ಹಿಡಿದು ತುಂಡಾಗಿರುವುದು ಹಳೆಯ ಮನೆಗಳಲ್ಲಿ ಸಾಮಾನ್ಯ. ಆಗ ಹೊಸ ಗುಂಡಿಯನ್ನೇ ತೆಗೆಸಬೇಕು.

ಹಂತ 9: ಮುಚ್ಚುವ ಮೊದಲು, ಮುಚ್ಚಿದ ಮೇಲೆ

ಗಾರೆ ಹಾಕುವ ಹಿಂದಿನ ದಿನ ಪ್ರತಿ ಗೋಡೆಗೂ ಅಳತೆಯ ಟೇಪನ್ನು ನೆಲದಿಂದ ಮೇಲಕ್ಕೆ, ಮೂಲೆಯಿಂದ ಅಡ್ಡಕ್ಕೆ ಹಿಡಿದು ಫೋಟೊ ತೆಗೆಯಿರಿ. ಕಪಾಟು ನೇತುಹಾಕಲು ಬಡಗಿ ಡ್ರಿಲ್ ಹಿಡಿದು ಬಂದ ದಿನ ಈ ಫೋಟೊ ನಮ್ಮ ಬಿಸಿನೀರಿನ ಪೈಪನ್ನು ಉಳಿಸಿತು. ಅವರು ಗುರುತು ಮಾಡಿದ್ದ ರಂಧ್ರ ಪೈಪಿನ ನೆತ್ತಿಯ ಮೇಲೆಯೇ ಇತ್ತು. ಕೊರೆದ ಜಾಡಿನ ಮೇಲೆ ಕೋಳಿ ಬಲೆ (ತೆಳು ತಂತಿಯ ಜಾಲರಿ) ಬಡಿಸಿ ಗಾರೆ ಹಾಕಿಸಿದರೆ ಬಿರುಕು ಬಿಡುವುದಿಲ್ಲ.

ಎಲ್ಲ ಮುಗಿದ ಮೇಲೆ ಸಿಂಕಿನ ಬಾಯಿ ಮುಚ್ಚಿ ತುಂಬ ನೀರು ತುಂಬಿಸಿ, ಒಮ್ಮೆಲೇ ಬಿಡಿ. ಕೆಳಗೆ ಕಾಗದ ಹಾಸಿ ಒದ್ದೆಯಾಗುತ್ತದೆಯೇ ನೋಡಿ. ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ ಹತ್ತು ನಿಮಿಷ ನೀರು ಹರಿಸಿ ಮತ್ತೆ ಹಾಕಿ, ಪೈಪಿನೊಳಗಿನ ಸಿಬಿರೆಲ್ಲ ಹೊರಬೀಳುತ್ತದೆ. ಬೆಳಗ್ಗೆ ಏಳರ ಹೊತ್ತಿನ ಎಲ್ಲ ಉಪಕರಣಗಳನ್ನೂ ಒಟ್ಟಿಗೆ ಅರ್ಧ ಗಂಟೆ ಓಡಿಸಿ, ಆರಿಸಿದ ಮೇಲೆ ಪ್ಲಗ್‌ಗಳನ್ನೂ ಸ್ವಿಚ್ ಫಲಕವನ್ನೂ ಹಿಂಗೈಯಿಂದ ಮುಟ್ಟಿ ನೋಡಿ. ಒಂದು ಪ್ಲಗ್ ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಆ ಸಾಕೆಟಿನ ತಿರುಪು ಸಡಿಲವಿರಬಹುದು. ಎಲೆಕ್ಟ್ರಿಷಿಯನ್ ಇನ್ನೂ ಮನೆಯಲ್ಲಿರುವಾಗಲೇ ಹೇಳಿ.

ಯಾವ ಎಂಸಿಬಿ ಯಾವುದಕ್ಕೆ ಎಂಬ ಪಟ್ಟಿಯನ್ನು ಅಮ್ಮ ತಮ್ಮ ಕೈಯಾರೆ ಕನ್ನಡದಲ್ಲಿ ಬರೆದು ಡಿಬಿಯ ಬಾಗಿಲ ಒಳಗೆ ಅಂಟಿಸಿದ್ದಾರೆ. ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಚಿಕ್ಕ ಗುಂಡಿ ಇರುತ್ತದೆ. ಒತ್ತಿದರೆ ಟಪ್ಪೆಂದು ಬೀಳಬೇಕು, ಬೀಳದಿದ್ದರೆ ಅಂದೇ ಬದಲಿಸಬೇಕು. ತಿಂಗಳಿಗೊಮ್ಮೆ, ಕರೆಂಟ್ ಬಿಲ್ ಬಂದ ದಿನ, ಅಮ್ಮ ಅದನ್ನು ಒತ್ತಿ ನೋಡುತ್ತಾರೆ.